ಅಪ್ಪ ಕತ್ತರಿಸದ ಕೂದಲು

ನೀಲಿ ಕಾರಿನ ಹಿಂದಿನ ಚಕ್ರಕ್ಕೆ ಗಾಳಿ ಹಾಕುತ್ತಿದ್ದ ಕಡ್ಡಿ ಟೀಚರ್ ಪಕ್ಕ ಅಪ್ಪ ಬಂದು ನಿಂತರು. ಕೈಯಲ್ಲಿ ಟೀ ಲೋಟ, ಕಂಕುಳಲ್ಲಿ ಪುಸ್ತಕ. ಅಪ್ಪ ಗಂಟಲು ಸರಿಮಾಡಿಕೊಂಡ ಸದ್ದಿಗೇ ಕಡ್ಡಿಗೆ ಗೊತ್ತಾಯಿತು, ಇವತ್ತೂ ಏನೋ ಬರಲಿದೆ.

"ಮರಿ, ನನ್ನನ್ನ ಕ್ಷಮಿಸಿಬಿಡು."

"ಈಗೇನಾಯ್ತಪ್ಪಾ?"

"ನಿನಗೆ ಒಂಬತ್ತು ವರ್ಷ ಇದ್ದಾಗ ನಿನ್ನ ಕೂದಲು... ಕುರ್ಚಿಗೆ ಕಟ್ಟಿಹಾಕಿ ಕತ್ತರಿಸಿಬಿಟ್ಟೆ. ನೀನು ಬೇಡ ಬೇಡ ಅಂತ ಕೂಗ್ತಾ ಇದ್ದೆ. ನನ್ನ ಕಿವಿಗೇ ಬೀಳಲಿಲ್ಲ."

ಕಡ್ಡಿ ಪಂಪು ಬಿಟ್ಟು ಎದ್ದರು. "ಯಾರ ಕೂದಲು?"

"ನಿನ್ನದು."

"ಯಾರು ಕತ್ತರಿಸಿದ್ದು?"

"ನಾನೇ ಅಲ್ವಾ?"

"ಅಪ್ಪಾ, ನೀವು ನನ್ನ ಕೂದಲು ಮುಟ್ಟಿಲ್ಲ. ಕತ್ತರಿಸ್ತಾ ಇದ್ದದ್ದು ಅತ್ತೆ. ಅದೂ ನಾನೇ ಗೋಗರೆದ ಮೇಲೆ. ಕಟ್ಟಿಹಾಕೋದಕ್ಕೆ ನಮ್ಮ ಮನೇಲಿ ಕುರ್ಚಿನೇ ಇರಲಿಲ್ಲ. ಇದ್ದದ್ದು ಒಂದು ಸ್ಟೂಲು, ಅದಕ್ಕೂ ಒಂದು ಕಾಲು ಗಿಡ್ಡ."

ಅಪ್ಪ ಲೋಟವನ್ನು ಕಾರಿನ ಮೇಲಿಟ್ಟು ಪುಸ್ತಕ ಬಿಡಿಸಿ, ಗುರುತಿಟ್ಟ ಪುಟದ ಮೇಲೆ ಕಣ್ಣಾಡಿಸಿದರು. "ಹೌದಲ್ಲ, ಇದರಲ್ಲಿರೋದು," ಎಂದರು. ಮಾಡದ ತಪ್ಪೊಂದು ತಲೆಯಿಂದ ಇಳಿಯಿತಲ್ಲ ಎಂಬ ನೆಮ್ಮದಿ ಆ ಮುಖದಲ್ಲಿ ಇರಲಿಲ್ಲ. ಇದ್ದದ್ದು ನಿರಾಸೆ. "ಆದರೂ ನೋಡು, ಎಷ್ಟು ಚೆನ್ನಾಗಿ ಬರೆದಿದ್ದಾರೆ."

ಕಡ್ಡಿ ಮತ್ತೆ ಕುಕ್ಕರಗಾಲಲ್ಲಿ ಕೂತು ಪಂಪನ್ನು ಒತ್ತಿದರು, ಅಗತ್ಯಕ್ಕಿಂತ ಸ್ವಲ್ಪ ಜೋರಾಗಿಯೇ.

ಅದು ಅಪ್ಪನ ಡ್ರೈವಿಂಗ್ ಸ್ಕೂಲು. ಕೆಳಗೆ ಆಫೀಸು, ಮೇಲೆ ಮನೆ, ಎದುರಿಗೆ ಒಂದು ಬಿಳಿ ಕಾರು, ಒಂದು ನೀಲಿ ಕಾರು. ಬಿಳಿಯದರಲ್ಲಿ ಅಪ್ಪ ಕಲಿಸುತ್ತಾರೆ, ನೀಲಿಯದರಲ್ಲಿ ಕಡ್ಡಿ. ಅಪ್ಪನ ತಂಗಿ, ಅಂದರೆ ಕಡ್ಡಿಯ ಅತ್ತೆ, ಆಫೀಸಿನಲ್ಲಿ ಕೂತು ಫೋನು ಎತ್ತುತ್ತಾರೆ, ಹೊತ್ತು ಗೊತ್ತುಪಡಿಸುತ್ತಾರೆ, ಪರೀಕ್ಷೆಯಲ್ಲಿ ಫೇಲಾಗಿ ಬಂದವರಿಗೆ ನೀರು ಕೊಟ್ಟು ಕೂರಿಸುತ್ತಾರೆ. ಹುಟ್ಟಿದಾಗಿನಿಂದ ಬಡಕಲು ಮೈಯಾದ್ದರಿಂದ ಬಿದ್ದ ಹೆಸರು ಕಡ್ಡಿ. ಕಾಗದದ ಮೇಲಿನ ಹೆಸರು ಕಾಗದದ ಮೇಲೆಯೇ ಉಳಿದಿದೆ. ಕಲಿಯಲು ಬಂದವರೂ 'ಕಡ್ಡಿ ಟೀಚರ್' ಎಂದೇ ಕರೆಯುತ್ತಾರೆ.

ಹಿಂದಿನ ವರ್ಷ ಒಂದು ದಿನ ಊಟಕ್ಕೆ ಕೂತಾಗ ಕಡ್ಡಿ ಹೇಳಿದ್ದರು, "ನಾನು ಹುಡುಗೀನೂ ಅಲ್ಲ, ಹುಡುಗಾನೂ ಅಲ್ಲ. ಚಿಕ್ಕಂದಿನಿಂದ ಹಾಗೇ ಅನ್ನಿಸ್ತಾ ಇದೆ. ನಾನ್‌ಬೈನರಿ ಅಂತಾರೆ ಅದಕ್ಕೆ." ಅತ್ತೆ ಬಡಿಸುತ್ತಿದ್ದ ಸೌಟನ್ನು ಅರ್ಧ ಕ್ಷಣ ನಿಲ್ಲಿಸಿ, "ನನಗೆ ಗೊತ್ತಿತ್ತು ಬಿಡು. ಅದಕ್ಕೊಂದು ಹೆಸರು ಇದೆ ಅಂತ ಗೊತ್ತಿರಲಿಲ್ಲ ಅಷ್ಟೇ," ಎಂದು ಬಡಿಸುವುದನ್ನು ಮುಂದುವರಿಸಿದ್ದರು. ಅಪ್ಪ ಊಟ ಮುಗಿಸಿ ಎದ್ದರು. ಹಾಗೆ ಕೆಲವು ದಿನ ತುಟಿ ಹೊಲಿದುಕೊಂಡವರಂತೆ ಓಡಾಡಿ, ಆಮೇಲೆ ಒಂದು ಸಂಜೆ ಗ್ರಂಥಾಲಯಕ್ಕೆ ಹೋಗಿ, "ಈ ವಿಷಯದ ಮೇಲೆ ಏನಿದ್ದರೂ ಕೊಡಿ" ಎಂದು ಕೇಳಿದರು. ಗ್ರಂಥಪಾಲಕರು ಕೊಟ್ಟದ್ದು ಆತ್ಮಕಥೆ. ಅದು ಮುಗಿದ ಮೇಲೆ ಇನ್ನೊಂದು, ಅದರ ಮೇಲೆ ಮತ್ತೊಂದು. ಗಂಡು ಎಂದೂ ಹೆಣ್ಣು ಎಂದೂ ತಮ್ಮನ್ನು ಕರೆದುಕೊಳ್ಳದೆ ಬೆಳೆದವರು ದೂರದೂರದ ಊರುಗಳಲ್ಲಿ ಕೂತು ಬರೆದವು. ಈಗ ಅಪ್ಪ ಆರನೆಯದರಲ್ಲಿದ್ದರು.

ಕಡ್ಡಿಗೆ ಮೊದಮೊದಲು ಇದರಿಂದ ಕಣ್ಣು ತುಂಬಿ ಬಂದದ್ದು ನಿಜ. ದಿನಪತ್ರಿಕೆಯನ್ನೂ ಪೂರ್ತಿ ಓದದ ಮನುಷ್ಯ ಕನ್ನಡಕ ಮೂಗಿನ ತುದಿಗಿಳಿಸಿಕೊಂಡು ಪುಟ ತಿರುಗಿಸುತ್ತಿದ್ದರೆ ಯಾರಿಗಾದರೂ ಕರುಳು ಚುರುಕ್ ಎನ್ನುತ್ತದೆ. ಆದರೆ ಓದುವ ರೀತಿಯೇ ಎಡವಟ್ಟಾಯಿತು. ಅಪ್ಪನ ಕಸುಬು ತಪ್ಪು ಹುಡುಕುವುದು. ಡ್ರೈವಿಂಗ್ ಪರೀಕ್ಷೆಯಲ್ಲಿ ಚೆನ್ನಾಗಿ ತಿರುಗಿಸಿದವರಿಗೆ ಅಂಕವಿಲ್ಲ. ತಿರುಗಿಸುವಾಗ ಕನ್ನಡಿ ನೋಡದಿದ್ದರೆ ಕಳೆಯುತ್ತಾರೆ, ಅಷ್ಟೇ. ಜೀವನವಿಡೀ ಹಾಗೆ ಪಕ್ಕದ ಸೀಟಿನಲ್ಲಿ ಕೂತು ತಪ್ಪುಗಳನ್ನೇ ಎಣಿಸಿದವರು ಪುಸ್ತಕವನ್ನೂ ಹಾಗೇ ಓದಿದರು. ಅಪ್ಪ ಅಮ್ಮ ಎಲ್ಲಿ ಎಡವಿದರು, ಎಲ್ಲಿ ಗದರಿದರು, ಎಲ್ಲಿ ಬಾಗಿಲು ಹಾಕಿಕೊಂಡರು, ಅಲ್ಲಲ್ಲಿ ಒಂದೊಂದು ಗುರುತು. ಗುರುತಿಗೆ ಕಲಿಯುವವರ ಕಾರಿಗೆ ಅಂಟಿಸುವ ಕೆಂಪು 'ಎಲ್' ಸ್ಟಿಕರುಗಳು. ಹಿಂಬದಿಯ ಕಾಗದ ತೆಗೆಯದೆ ಹಾಗೇ ಪುಟಗಳ ನಡುವೆ ಸಿಕ್ಕಿಸಿಡುವುದು. ಪುಸ್ತಕ ಮುಗಿಯುವ ಹೊತ್ತಿಗೆ ಅದರ ತುಂಬ ಕೆಂಪು ನಾಲಿಗೆಗಳು.

ಅಷ್ಟೇ ಆಗಿದ್ದರೆ ಸಹಿಸಬಹುದಿತ್ತು. ಮೂರನೆಯ ಪುಸ್ತಕದ ಹೊತ್ತಿಗೆ ಅಪ್ಪನಿಗೆ ಯಾರದ್ದು ಯಾವುದು ಎನ್ನುವುದೇ ಕಲಸಿಹೋಯಿತು. ಒಬ್ಬರು ಸಮವಸ್ತ್ರ ಸುಟ್ಟದ್ದು, ಇನ್ನೊಬ್ಬರು ಮನೆ ಬಿಟ್ಟು ಬಸ್ ನಿಲ್ದಾಣದಲ್ಲಿ ಮಲಗಿದ್ದು, ಎಲ್ಲವೂ ಕಡ್ಡಿಯ ಲೆಕ್ಕಕ್ಕೆ ಜಮೆಯಾದವು.

ಅಂದು ಹತ್ತು ಗಂಟೆಗೆ ಪಾಠಕ್ಕೆ ಬಂದವರು ಒಬ್ಬ ಕ್ಯಾಷಿಯರ್. ನಡುವಯಸ್ಸಿನ ಹೆಂಗಸು, ಸ್ಟೀರಿಂಗನ್ನು ಮುಳುಗುವವರು ಹಲಗೆ ಹಿಡಿದಂತೆ ಹಿಡಿಯುತ್ತಿದ್ದರು. ಎರಡು ಬೀದಿ ದಾಟಿ ಸಿಗ್ನಲ್ಲಿನಲ್ಲಿ ನಿಂತಾಗ ಕಡ್ಡಿಯ ಕಡೆ ಕರುಣೆಯಿಂದ ನೋಡಿದರು.

"ಟೀಚರ್, ಒಂದು ಮಾತು. ಬೇಜಾರು ಮಾಡ್ಕೋಬೇಡಿ. ಪಾಪ, ಸ್ಕೂಲಲ್ಲಿ ಒಂದು ವರ್ಷ ಪೂರ್ತಿ ನಿಮ್ಮನ್ನ ಯಾರೂ ಮಾತಾಡಿಸಲೇ ಇಲ್ವಂತೆ?"

"ಯಾರು ಹೇಳಿದ್ದು?"

"ನಿಮ್ಮ ತಂದೆಯವರು. ಹೇಳುವಾಗ ಅವರ ಕಣ್ಣಲ್ಲಿ ನೀರು. ನನಗೂ ತಡೆಯೋಕಾಗಲಿಲ್ಲ."

"ಮೇಡಂ, ನನ್ನ ಸ್ಕೂಲಲ್ಲಿ ನಾನು ಮಾತಾಡೋದನ್ನ ನಿಲ್ಲಿಸೋಕೆ ಎರಡು ಸಲ ಬೆಂಚು ಬದಲಾಯಿಸಿದ್ರು. ಹಸಿರು ಬಿತ್ತು, ಕ್ಲಚ್ ಬಿಡಿ. ನಿಧಾನ... ನಿಧಾನ ಅಂದೆ!"

ಕಾರು ಒಂದು ಸಲ ಕುಪ್ಪಳಿಸಿ ನಿಂತುಹೋಯಿತು. ಹಿಂದಿನಿಂದ ಹಾರನ್ನು. ಮತ್ತೆ ಚಾಲೂ ಮಾಡುತ್ತ ಕ್ಯಾಷಿಯರ್ ಹೇಳಿದರು, "ಏನೇ ಆಗಲಿ, ನೀವು ಸಿಕ್ಕಿದ್ದು ನನ್ನ ಪುಣ್ಯ. ಮೇಲಿರೋ ಬೋರ್ಡ್ ನೋಡಿಯೇ ಬಂದದ್ದು. ಗಂಡಸರ ಪಕ್ಕ ಕೂತು ಕಲಿಯೋದು ನನ್ನ ಕೈಲಾಗದು."

ಕಡ್ಡಿ ಬಾಗಿ ಸ್ಟೀರಿಂಗನ್ನು ಒಂಚೂರು ಎಡಕ್ಕೆ ತಿರುಗಿಸಿದರು. ಆ ಬೋರ್ಡೇ ಅವರ ಹಲ್ಲಿನಲ್ಲಿ ಸಿಕ್ಕಿಕೊಂಡ ನಾರು. ನೀಲಿ ಕಾರಿನ ಮಾಡಿನ ಮೇಲೆ ಅಪ್ಪ ಕೂರಿಸಿದ ಹಲಗೆ: ದೊಡ್ಡಕ್ಷರದಲ್ಲಿ ಸ್ಕೂಲಿನ ಹೆಸರು, ಕೆಳಗೆ ಫೋನ್ ನಂಬರು, ಅದರ ಕೆಳಗೆ ಹಳದಿ ಬಣ್ಣದಲ್ಲಿ 'ಮಹಿಳೆಯರಿಗೆ ಮಹಿಳಾ ಶಿಕ್ಷಕಿ'. ಕಡ್ಡಿಗೆ ಕಲಿಸುವ ಪರವಾನಗಿ ಸಿಕ್ಕ ದಿನ, ಸಂತೋಷ ತಾಳಲಾರದೆ ಅಪ್ಪನೇ ಬರೆಸಿಕೊಂಡು ಬಂದದ್ದು. ಆಗ ಕಡ್ಡಿ ತಮ್ಮ ಬಗ್ಗೆ ಇನ್ನೂ ಬಾಯಿ ಬಿಟ್ಟಿರಲಿಲ್ಲ. ಬಾಯಿ ಬಿಟ್ಟ ಮೇಲೆ ಎರಡು ಸಲ ಕೇಳಿದ್ದರು, "ಅಪ್ಪ, ಆ ಸಾಲು ತೆಗೆಸಿ." ಒಂದು ಸಲ ಅಪ್ಪ, "ಕಾರಿಗೆ ಬಣ್ಣ ಹೊಡೆಸುವಾಗ ನೋಡೋಣ" ಎಂದರು. ಇನ್ನೊಂದು ಸಲ, "ವ್ಯಾಪಾರ ಮರಿ, ಅದು ಬರೀ ವ್ಯಾಪಾರ" ಎಂದು ಪುಸ್ತಕಕ್ಕೆ ಮರಳಿದರು. ದಿನವಿಡೀ ತಲೆಯ ಮೇಲೆ ಆ ಸಾಲು ಹೊತ್ತುಕೊಂಡು ಊರು ಸುತ್ತುವುದು ಕಡ್ಡಿ. ಒಳಗೆ ಕೂತರೆ ಕಾಣುವುದಿಲ್ಲ. ಆದರೆ ಪ್ರತಿ ಅಂಗಡಿಯ ಗಾಜಿನಲ್ಲೂ ಅದು ತಿರುವು ಮುರುವಾಗಿ ಹಾದುಹೋಗುತ್ತದೆ.

ಪಾಠ ಮುಗಿಸಿ ಬಂದವರೇ ಆಫೀಸಿಗೆ ನುಗ್ಗಿದರು. "ಅತ್ತೆ, ಅಪ್ಪ ಊರಿಗೆಲ್ಲ ಏನು ಹೇಳ್ಕೊಂಡು ಬರ್ತಿದ್ದಾರೆ ಗೊತ್ತಾ? ಸ್ಕೂಲಲ್ಲಿ ನನ್ನನ್ನ ಯಾರೂ ಮಾತಾಡಿಸಲಿಲ್ವಂತೆ!"

"ಮಾತಾಡಿಸದೇ ಇದ್ದಿದ್ರೆ ಚೆನ್ನಾಗಿತ್ತು. ನಿನ್ನ ಬಗ್ಗೆ ದೂರು ಕೇಳೋಕೆ ಸ್ಕೂಲಿಗೆ ಓಡಾಡಿ ನನ್ನ ಚಪ್ಪಲಿ ಸವೆಯೋದಾದ್ರೂ ತಪ್ತಿತ್ತು."

"ನಗಬೇಡಿ."

"ನಗದೆ ಏನು ಮಾಡಲಿ? ಮೊನ್ನೆ ನನ್ನ ಹತ್ರ ಬಂದು, ನಿನ್ನ ಕನ್ನಡಿ ಒಡೆದದ್ದಕ್ಕೆ ಅಳ್ತಾ ಇದ್ದ. ಯಾವ ಕನ್ನಡಿ ಅಣ್ಣ ಅಂದೆ. ಐದನೇ ಪುಸ್ತಕ ಅಂದ." ಅತ್ತೆ ಫೋನಿನ ವಯರು ಬಿಡಿಸುತ್ತ ದನಿ ಇಳಿಸಿದರು. "ಇನ್ನೊಂದು ಇದೆ. ಕೇಳಿ ಹಾರಾಡಬೇಡ. ಭಾನುವಾರ ಗ್ರಂಥಾಲಯದಲ್ಲಿ ಓದುಗರು ಸೇರ್ತಾರಂತೆ. ಇವನದ್ದು ಭಾಷಣ. ನನ್ನ ಮಗುವನ್ನು ನಾನು ಅರಿತ ಬಗೆ ಅಂತ."

ಕಡ್ಡಿ ಸ್ಟೂಲಿನ ಮೇಲೆ ಕೂತುಬಿಟ್ಟರು. ಗಿಡ್ಡ ಕಾಲಿನ ಅದೇ ಸ್ಟೂಲು. "ಕೂದಲು ಹೇಳ್ತಾರೆ," ಎಂದರು. "ಕುರ್ಚಿಗೆ ಕಟ್ಟಿಹಾಕಿದ್ದು ಹೇಳೇ ಹೇಳ್ತಾರೆ. ಎಲ್ಲರೂ ಬಂದು ನನ್ನ ತಲೆ ಸವರ್ತಾರೆ."

ಅಂದು ಮಧ್ಯಾಹ್ನ ಪಾಠವಿರಲಿಲ್ಲ. ಅಪ್ಪ ಊಟದ ಮೇಲೆ ಕಣ್ಣು ಮುಚ್ಚಿಕೊಂಡಿದ್ದಾಗ ಕಡ್ಡಿ ನಾಲ್ಕನೆಯ ಪುಸ್ತಕವನ್ನು ಎತ್ತಿಕೊಂಡು ಮೆಟ್ಟಿಲ ಮೇಲೆ ಕೂತರು. ವೈರಿಯ ಮನೆಯೊಳಗೆ ಏನಿದೆ ನೋಡೋಣ ಎಂಬ ಸಿಟ್ಟು. ಮೊದಲ ಪುಟಗಳಲ್ಲೇ ರೇಗಿತು. ಈ ಬರೆದವರಿಗೆ ಏನೂ ನಡೆಯದ ದಿನ ಎಂಬುದೇ ಇಲ್ಲವೇ? ಪ್ರತಿ ಅಧ್ಯಾಯದ ಕೊನೆಗೂ ಯಾರಾದರೂ ಅಳಬೇಕೇ? ಕಡ್ಡಿಯ ಬಾಲ್ಯದಲ್ಲಿ ಅಂಥದ್ದೇನೂ ಇರಲಿಲ್ಲ. ನಾಲ್ಕು ವರ್ಷಕ್ಕೆ ಅಮ್ಮ ತೀರಿಕೊಂಡ ದುಃಖ ಇತ್ತು, ಅದು ಬೇರೆ. ಮಿಕ್ಕಂತೆ ಆ ಬಾಲ್ಯ ಕಳೆದದ್ದು ಕಲಿಕೆಯ ಕಾರಿನ ಹಿಂದಿನ ಸೀಟಿನಲ್ಲಿ. ಅತ್ತೆಗೆ ಆಫೀಸಿನ ಫೋನು ಬಿಡಲಾಗದು, ಬೇರೆ ನೋಡಿಕೊಳ್ಳುವವರಿಲ್ಲದೆ ಅಪ್ಪ ಜೊತೆಗೇ ಕರೆದೊಯ್ಯುತ್ತಿದ್ದರು. ಮುಂದೆ ಅಪ್ಪ, ಅಪ್ಪನ ಪಕ್ಕ ಹೆದರಿ ಬೆವರುವ ಯಾರೋ. ಹಿಂದೆ ಒಂದು ಮಗು, ಬಿಸ್ಕತ್ತಿನ ಪೊಟ್ಟಣ, ಕಿಟಕಿ.

ಪುಟ ಹಾರಿಸುತ್ತ ಹೋದರು. ಕೆಂಪು ಗುರುತು, ಕೆಂಪು ಗುರುತು. ಎರಡು ಗುರುತುಗಳ ನಡುವೆ ಗುರುತಿಲ್ಲದ ಒಂದು ಪುಟದಲ್ಲಿ ಕೈ ನಿಂತಿತು. ಬರೆದವರು ಚಿಕ್ಕಂದಿನಲ್ಲಿ ಲಿಫ್ಟಿನಲ್ಲಿ ಸುಮ್ಮನೆ ಮೇಲೆ ಕೆಳಗೆ ಓಡಾಡುತ್ತಿದ್ದರಂತೆ. ಕೆಳಗೆ ಆಟವಾಡುವವರು ಎರಡು ಗುಂಪಾಗಿ ನಿಂತು ಯಾವ ಕಡೆ ಬರುತ್ತೀಯ ಎನ್ನುತ್ತಿದ್ದರು, ಮೇಲೆ ಮನೆಯಲ್ಲಿ ನೆಂಟರು ಏನಾಗುತ್ತೀಯ ಎನ್ನುತ್ತಿದ್ದರು. ನಡುವೆ, ಲಿಫ್ಟು ಚಲಿಸುತ್ತಿರುವಷ್ಟು ಹೊತ್ತು, ಯಾರೂ ಏನೂ ಕೇಳುತ್ತಿರಲಿಲ್ಲ.

ಕಡ್ಡಿ ಅದನ್ನು ಇನ್ನೊಮ್ಮೆ ಓದಿದರು. ಹಿಂದಿನ ಸೀಟಿನ ವಾಸನೆ ಮೂಗಿಗೆ ಬಂತು. ಪ್ಲಾಸ್ಟಿಕ್ಕು, ಪೆಟ್ರೋಲು, ಬಿಸ್ಕತ್ತು. ಆಮೇಲೆ ಸಿಟ್ಟು ಮೊದಲಿಗಿಂತ ಹೆಚ್ಚಾಯಿತು. ಆರು ಪುಸ್ತಕ ಜಾಲಾಡಿ, ಕಡ್ಡಿಯ ಮಟ್ಟಿಗೆ ನಿಜವಾದ ಒಂದೇ ಒಂದು ಪುಟವನ್ನು ಅಪ್ಪ ದಾಟಿ ಹೋಗಿದ್ದಾರೆ. ಯಾಕೆಂದರೆ ಅಲ್ಲಿ ಯಾರೂ ತಪ್ಪು ಮಾಡಿಲ್ಲ.

ಭಾನುವಾರ ಬಿಳಿ ಕಾರು ಗ್ಯಾರೇಜಿನಲ್ಲಿತ್ತು. ಅಪ್ಪ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಗ್ರಂಥಾಲಯಕ್ಕೆ ಮರಳಿಸಬೇಕಾದ ಪುಸ್ತಕಗಳ ಚೀಲ ಹಿಂದೆ ಎಸೆದು ನೀಲಿ ಕಾರಿನ ಸ್ಟೀರಿಂಗ್ ಹಿಡಿದರು. ಅತ್ತೆ ಮೊದಲೇ ನಡೆದು ಹೋಗಿದ್ದರು. ಕಡ್ಡಿ ರೂಢಿಯ ಬಲದಿಂದ ಪಕ್ಕದ ಸೀಟಿನಲ್ಲಿ ಕೂತರು. ಕಲಿಸುವವರ ಸೀಟು ಅದು. ಅದರ ಮುಂದೆಯೂ ಕಾಲಿಗೊಂದು ಬ್ರೇಕು ಇರುತ್ತದೆ. ಅದನ್ನು ಯಾವಾಗ ಒತ್ತಬೇಕು ಎಂಬ ಬಗ್ಗೆ ಅಪ್ಪನ ಶಾಸನ ಒಂದೇ: ಜೀವಕ್ಕೆ ಅಪಾಯ ಇದ್ದಾಗ ಮಾತ್ರ. ಕಲಿಯುವವರ ಮೇಲಿನ ಸಿಟ್ಟಿಗೆ ಒತ್ತಿದರೆ ಅವರು ಕಲಿಸಲು ನಾಲಾಯಕ್ಕು.

"ಅಪ್ಪ, ಇವತ್ತು ಏನು ಮಾತಾಡ್ತೀರ?"

"ಕೇಳಿಸ್ಕೋ, ಒಂದು ಸಲ ಒಪ್ಪಿಸಿಬಿಡ್ತೀನಿ." ಅಪ್ಪ ಗೇರು ಬದಲಿಸಿ ಗಂಟಲು ಸರಿಮಾಡಿಕೊಂಡರು. "ಸಭಿಕರೇ, ನಾನೊಬ್ಬ ತಪ್ಪು ಮಾಡಿದ ತಂದೆ. ನನ್ನ ಮಗುವಿಗೆ ಒಂಬತ್ತು ವರ್ಷ ಇದ್ದಾಗ ಒಂದು ದಿನ, ಮನೆಯ ಕುರ್ಚಿಗೆ..."

"ಅಪ್ಪಾ!"

"...ಕುರ್ಚಿಗೆ ಕಟ್ಟಿ, ಕೈಯಲ್ಲಿ ಕತ್ತರಿ ಹಿಡಿದು..."

ಕಡ್ಡಿ ಬ್ರೇಕು ಒತ್ತಿದರು.

ಕಾರು ಕಿರುಚಿ ನಿಂತಿತು. ಚೀಲ ಉರುಳಿ ಪುಸ್ತಕಗಳು ಕೆಳಗೆ ಚೆಲ್ಲಿದವು. ಹಿಂದೆ ಬರುತ್ತಿದ್ದ ಸೈಕಲ್ಲಿನವರೊಬ್ಬರು ಪಕ್ಕಕ್ಕೆ ಹೊರಳಿಸಿ, ಕಿಟಕಿಯ ಹತ್ತಿರ ಬಗ್ಗಿ, "ಕಲಿಸೋರಿಗೇ ಬರಲ್ವಾ?" ಎಂದು ಕೇಳಿ ಹೋದರು.

ಅಪ್ಪನ ಮುಖ ಬಿಳಿಚಿಕೊಂಡಿತ್ತು. "ಯಾರಿಗೆ ಅಪಾಯ ಇತ್ತು? ಹೇಳು. ಯಾರು ಅಡ್ಡ ಬಂದರು? ನಡುರಸ್ತೇಲಿ ಹೀಗೆ ಒತ್ತೋದನ್ನ ಯಾರು ಹೇಳ್ಕೊಟ್ರು ನಿನಗೆ?"

"ಕಾರು ಪಕ್ಕಕ್ಕೆ ಹಾಕಿ ಇಳೀರಿ."

"ಹೊತ್ತಾಗತ್ತೆ."

"ಇಳೀರಿ ಅಪ್ಪ."

ಅಪ್ಪ ಕಾರನ್ನು ಒಂದು ಮುಚ್ಚಿದ ಅಂಗಡಿಯ ಮುಂದೆ ನಿಲ್ಲಿಸಿ ಇಳಿದರು. ಕಡ್ಡಿ ಮಾಡಿನ ಕಡೆ ಕೈ ತೋರಿಸಿದರು. "ನೋಡಿ."

ಅಪ್ಪ ನೋಡಿದರು. ಸುತ್ತು ಬಂದು ಆ ಕಡೆಯಿಂದಲೂ ನೋಡಿದರು. ಹಲಗೆಯ ತಿರುಪನ್ನು ಅಲ್ಲಾಡಿಸಿದರು. "ಗಟ್ಟಿಯಾಗೇ ಇದೆ. ಬಣ್ಣ ಒಂಚೂರು ಮಾಸಿದೆ ಅಷ್ಟೇ."

"ಓದಿ."

ಅಪ್ಪ ಸ್ಕೂಲಿನ ಹೆಸರು ಓದಿದರು. ಫೋನ್ ನಂಬರನ್ನು ಒಂದೊಂದೇ ಅಂಕಿಯಾಗಿ, ತಪ್ಪಿದೆಯೇ ಎಂದು ಪರೀಕ್ಷಿಸುತ್ತ ಓದಿದರು. "ಮಹಿಳೆಯರಿಗೆ ಮಹಿಳಾ..." ಎಂದವರು ಅಲ್ಲಿಗೆ ನಿಲ್ಲಿಸಿ, "ಓ, ಇದಾ," ಎಂದರು. "ಹೇಳಿದ್ನಲ್ಲ ಮರಿ, ವ್ಯಾಪಾರ. ಈ ಸಾಲಿಲ್ಲ ಅಂದ್ರೆ ಅರ್ಧ ಜನ ಬರೋದೇ ಇಲ್ಲ."

ಕಡ್ಡಿಯ ತಾಳ್ಮೆಯ ಕಟ್ಟೆ ಒಡೆಯಿತು. "ಆರು ಪುಸ್ತಕ ಓದಿದ್ರಿ. ಯಾವುದೋ ಊರಿನ ಯಾರದ್ದೋ ಕೂದಲಿಗೆ ಕಣ್ಣೀರು ಹಾಕಿದ್ರಿ. ಇದೊಂದು ಸಾಲು ಓದೋಕೆ ಆಗಲಿಲ್ವಾ? ನೀವೇ ಬರೆಸಿದ್ದು. ನನ್ನ ತಲೆ ಮೇಲೆ ಕೂರಿಸಿದ್ದು. ನೀವು ನನ್ನ ಕಟ್ಟಿಹಾಕಿಲ್ಲ ಅಪ್ಪ, ಹೊಡೆದಿಲ್ಲ, ಬೈದೂ ಇಲ್ಲ. ನೀವು ಮಾಡಿದ್ದು ಇದೊಂದೇ. ಎರಡು ಸಲ ಹೇಳಿದೆ. ಇದಕ್ಕೆ ಮಾತ್ರ ನೀವು ಕ್ಷಮೆ ಕೇಳಲೇ ಇಲ್ಲ!"

ಎದುರು ಮನೆಯ ಕಿಟಕಿಯೊಂದು ತೆರೆದುಕೊಂಡಿತು. ಅಪ್ಪ ಬೋರ್ಡನ್ನೂ ಕಡ್ಡಿಯನ್ನೂ ಬಾರಿಬಾರಿಗೆ ನೋಡಿದರು. ಪರೀಕ್ಷೆಯಲ್ಲಿ ಫೇಲಾದವರು ಆಫೀಸಿಗೆ ಬಂದು ನಿಲ್ಲುವಂತೆ ನಿಂತಿದ್ದರು.

"ಇದು ಯಾವ ಪುಸ್ತಕದಲ್ಲೂ ಇರಲಿಲ್ಲ," ಎಂದರು ಕೊನೆಗೆ.

"ಹೇಗಿರತ್ತೆ? ಅವರ ಅಪ್ಪಂದಿರು ಡ್ರೈವಿಂಗ್ ಸ್ಕೂಲ್ ಇಟ್ಟಿರಲಿಲ್ಲ!"

"ಮತ್ತೆ ಬರೋ ಹೆಂಗಸರು?"

"ಫೋನಲ್ಲಿ ಅತ್ತೆ ಹೇಳ್ತಾರೆ. ಯಾರು ಕಲಿಸ್ತಾರೆ, ಹೇಗಿದ್ದಾರೆ, ಇದ್ದದ್ದು ಇದ್ದ ಹಾಗೆ. ಒಪ್ಪಿದೋರು ಬರಲಿ."

"ಒಪ್ಪದೋರು ಹೋಗ್ತಾರೆ."

"ಹೋಗ್ತಾರೆ," ಎಂದರು ಕಡ್ಡಿ. ಆ ಬಗ್ಗೆ ಅವರಿಗೂ ಭ್ರಮೆ ಇರಲಿಲ್ಲ. ಕ್ಯಾಷಿಯರ್ ನೆನಪಾದರು.

ಅಪ್ಪ ಜೇಬಿನಿಂದ ಬೀಗದಕೈ ತೆಗೆದು ಹಳದಿ ಅಕ್ಷರವನ್ನು ಕೆರೆಯಲು ನೋಡಿದರು. ಒಳ್ಳೆಯ ಬಣ್ಣ, ಖರ್ಚು ಮಾಡಿ ಬರೆಸಿದ್ದು. ಕೂದಲೆಳೆಯಷ್ಟೂ ಏಳಲಿಲ್ಲ. ಬೈದುಕೊಂಡು ಹಿಂದಿನ ಬಾಗಿಲು ತೆರೆದು, ಬಿದ್ದಿದ್ದ ಪುಸ್ತಕಗಳನ್ನು ಒಂದೊಂದಾಗಿ ಎತ್ತಿ ಕೊಡವಿದರು. ಕೆಂಪು ಸ್ಟಿಕರುಗಳು ಸೀಟಿನ ಮೇಲೆ ಉದುರಿದವು. ಬೆನ್ನ ಕಾಗದ ಸುಲಿದು, ಹಳದಿ ಸಾಲಿನ ಮೇಲೆ ಒಂದರ ಪಕ್ಕ ಒಂದು ಅಂಟಿಸತೊಡಗಿದರು. ಒಂದು ಬದಿ ಮುಗಿಸಿ ಇನ್ನೊಂದು ಬದಿಗೆ ಬಂದರು. ಕಡ್ಡಿ ತಡೆಯಲಾರದೆ ಹೇಳಿದರು, "ಸೊಟ್ಟಗಾಯ್ತು."

"ನೀನು ಅಂಟಿಸು ಹಾಗಾದ್ರೆ."

ಕಡ್ಡಿ ಅಂಟಿಸಿದರು. ಕೊನೆಯ ಎರಡು ಅಕ್ಷರಕ್ಕೆ ಸ್ಟಿಕರು ಸಾಲಲಿಲ್ಲ. ಅಪ್ಪ ನಾಲ್ಕನೆಯ ಪುಸ್ತಕವನ್ನು ಮತ್ತೆ ಕೊಡವಿದರು.

"ಅದರಲ್ಲಿ ಲಿಫ್ಟಿನ ಪುಟ ಓದಿದ್ರಾ?"

"ಯಾವ ಲಿಫ್ಟು?"

"ಅದೇ ನನ್ನದು. ಬೇರೆ ಯಾವುದೂ ಅಲ್ಲ, ಅದೊಂದೇ. ಇವತ್ತು ವಾಪಸ್ ಕೊಡಬೇಡಿ, ಓದಿ ಕೊಡಿ."

ಗ್ರಂಥಾಲಯ ತಲುಪುವಾಗ ತಡವಾಗಿತ್ತು. ಮಾಡಿನ ಮೇಲೆ ಕೆಂಪು ಚೌಕಗಳ ಸಾಲು ಹೊತ್ತ ಕಾರನ್ನು ಬಾಗಿಲಲ್ಲಿ ಕಾಯುತ್ತಿದ್ದ ಅತ್ತೆ ಮೇಲಿಂದ ಕೆಳಗೆ ನೋಡಿ, "ಇದೇನು, ಕಾರಿಗೆ ಸಿಡುಬು ಬಂತಾ?" ಎಂದರು. ಅಪ್ಪ ನೇರ ಒಳಗೆ ನಡೆದರು. ಕಡ್ಡಿ ಕೊನೆಯ ಸಾಲಿನಲ್ಲಿ, ಬೇಕೆಂದರೆ ಎದ್ದು ಓಡಲು ಆಗುವಂತೆ, ಬಾಗಿಲ ಪಕ್ಕ ಕೂತರು.

ಅಪ್ಪ ಮೈಕಿನ ಮುಂದೆ ನಿಂತರು. ಗಂಟಲು ಸರಿಮಾಡಿಕೊಂಡರು. ಕಡ್ಡಿಯ ಪಾದ ತಾನಾಗಿಯೇ ನೆಲವನ್ನು ಒತ್ತಿತು.

"ಸಭಿಕರೇ, ನಾನೊಬ್ಬ ತಪ್ಪು ಮಾಡಿದ ತಂದೆ. ಆ ತಪ್ಪು ಹೊರಗೆ ನಿಂತಿರೋ ಕಾರಿನ ಮೇಲಿದೆ. ಈಗಷ್ಟೇ, ದಾರಿಯಲ್ಲಿ, ನಮ್ಮ ಕಡ್ಡಿ ಬ್ರೇಕ್ ಒತ್ತಿ ನನಗೆ ತೋರಿಸಿತು. ಎಂಥಾ ಬ್ರೇಕ್ ಅಂತೀರಿ! ಹಿಂದೆ ಒಂದು ಲಾರಿ. ದೈತ್ಯ ಲಾರಿ. ಒಂದು ಗೇಣು ಅಂತರದಲ್ಲಿ ನಮ್ಮ ಜೀವ ಉಳೀತು..."

ಸಭೆಯಲ್ಲಿ ಯಾರೋ ಅಯ್ಯೋ ಎಂದರು. ಅತ್ತೆ ತಿರುಗಿ ಕಡ್ಡಿಯನ್ನು ನೋಡಿದರು. ಕಡ್ಡಿ ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡರು. ಒಂದೇ ಒಂದು ದಿನ, ಒಂದೇ ಒಂದು ಸಂಗತಿ, ಇದ್ದದ್ದು ಇದ್ದಂತೆ ಹೇಳಲು ಈ ಮನುಷ್ಯನಿಂದ ಆಗುವುದಿಲ್ಲವೇ? ಎದ್ದು ನಿಂತರು.

"ಲಾರಿ ಅಲ್ಲಪ್ಪ. ಸೈಕಲ್."

ಎಲ್ಲರೂ ಹಿಂದಕ್ಕೆ ತಿರುಗಿದರು. ಅಪ್ಪ ಮೈಕಿನಿಂದ ಕತ್ತು ಉದ್ದ ಮಾಡಿ ನೋಡಿ, "ಸೈಕಲ್ಲಾ?" ಎಂದರು.

"ಸೈಕಲ್. ಅದೂ ನಿಧಾನಕ್ಕೆ ಬರ್ತಿತ್ತು."

"ಸರಿ, ಸೈಕಲ್," ಎಂದು ಅಪ್ಪ ಸಭೆಗೆ ತಿದ್ದಿ ಹೇಳಿದರು. ಆಮೇಲೆ ಕೊನೆಯ ಸಾಲಿನ ಕಡೆ ಕೈ ಚಾಚಿದರು. "ಒಂದು ಕೆಲಸ ಮಾಡು. ನೀನು ಅಲ್ಲೇ ನಿಂತಿರು. ನಾನು ತಪ್ಪಿದಲ್ಲೆಲ್ಲ ನಿಲ್ಲಿಸು."

ಕಡ್ಡಿ ನಿಟ್ಟುಸಿರು ಬಿಟ್ಟರು. ಕೂರಲಿಲ್ಲ.